ಎರಡು ಗಂಟೆಯ ಆತ್ಮರಕ್ಷಣೆ



ಕಳೆದ ತಿಂಗಳು ನಮ್ಮ ಸಂಘದ ಆಶ್ರಯದಲ್ಲಿ ನಡೆದ ಆತ್ಮರಕ್ಷಣಾ ಕಾರ್ಯಾಗಾರದ ಚಿತ್ರಗಳನ್ನು ತಾವು ವಾಟ್ಸಾಪ್ ಬಳಗದಲ್ಲಿ ನೋಡಿಯೇ ಇರುತ್ತೀರಿ. ಸಾಲಾಗಿ ನಿಂತ ಮೂವತ್ತು ಮಂದಿ ಹೆಂಗಸರು ಮತ್ತು ಹೆಣ್ಣುಮಕ್ಕಳು, ಬಿಗಿಹಿಡಿದ ಮುಷ್ಟಿಗಳು, ಕೊನೆಯಲ್ಲಿ ಪ್ರಮಾಣಪತ್ರ, ಅದಾದ ಮೇಲೆ ಬಿಸಿಬೇಳೆಬಾತ್. ಆ ಸಭಾಂಗಣದ ಮೂಲೆಯಲ್ಲಿ ಪ್ರಥಮ ಚಿಕಿತ್ಸೆಯ ಹಸಿರು ಪೆಟ್ಟಿಗೆಯನ್ನು ಕಾಲಬಳಿ ಇಟ್ಟುಕೊಂಡು ಕುಳಿತಿದ್ದವರು ನಾವು. ಒಂದು ಉಳುಕಿದ ಕಾಲು, ಒಂದು ಮುರಿದ ಉಗುರು, ಇಷ್ಟೇ ಅಂದು ನಮ್ಮ ಪಾಲಿಗೆ ಬಂದ ವೈದ್ಯಕೀಯ. ಕೆಲಸ ಕಡಿಮೆಯಿದ್ದುದರಿಂದ ನೋಡುವುದಕ್ಕೆ ಬೇಕಾದಷ್ಟು ಸಮಯ ದೊರೆಯಿತು. ನೋಡಿದ್ದನ್ನು ಬರೆಯುವುದು ಬೇಡ, ಸ್ವಯಂಸೇವಕರ ಉತ್ಸಾಹಕ್ಕೆ ಭಂಗವಾದೀತು ಎಂದು ಸಮಿತಿಯ ಹಿರಿಯ ಗೆಳೆಯರೊಬ್ಬರು ಸಲಹೆಯಿತ್ತರು. ಅವರಲ್ಲಿ ನಮಗೆ ಗೌರವವಿದೆ. ಆದರೂ ಬರೆಯುತ್ತಿದ್ದೇವೆ.

ನಮ್ಮ ಆಕ್ಷೇಪವನ್ನು ಮೊದಲೇ ಹೇಳಿಬಿಡುತ್ತೇವೆ. ಅಂದು ಕಲಿಸಿದ್ದು ಕರಾಟೆಯ ಐದಾರು ವರಸೆಗಳನ್ನು. ಅದಕ್ಕೆ ಹಚ್ಚಿದ ಹೆಸರು ಆತ್ಮರಕ್ಷಣೆ. ಈ ಎರಡರ ನಡುವೆ ಇರುವ ಅಂತರದಲ್ಲಿ ಜನರ ಜೀವ ಹೋಗಬಹುದು; ಆದುದರಿಂದ ಇದು ಹೆಸರಿನ ಜಗಳವಲ್ಲ.

ರಬ್ಬರಿನ ಚೂರಿಯ ಪ್ರಸಂಗದಿಂದ ಆರಂಭಿಸೋಣ. ಶಿಕ್ಷಕರು ಸಜ್ಜನರು, ಇಪ್ಪತ್ತು ವರ್ಷಗಳ ಸಾಧನೆಯುಳ್ಳವರು. ಅವರ ಶಿಷ್ಯನೊಬ್ಬ ಚೂರಿಯನ್ನು ಹಿಡಿದು, ಒಂದು ಹೆಜ್ಜೆ ಮುಂದಿಟ್ಟು, ತೋಳನ್ನು ನೀಳವಾಗಿ ಚಾಚಿ, ಹಾಗೆಯೇ ನಿಂತುಬಿಟ್ಟ. ಶಿಕ್ಷಕರು ಪಕ್ಕಕ್ಕೆ ಸರಿದು, ಮಣಿಕಟ್ಟು ಹಿಡಿದು, ತಿರುಚಿ, ಚೂರಿಯನ್ನು ನೆಲಕ್ಕೆ ಬೀಳಿಸಿದರು. ಚಪ್ಪಾಳೆ. ಬಳಿಕ ತಾಯಂದಿರು, ಮಕ್ಕಳು ಜೋಡಿಜೋಡಿಯಾಗಿ ಇದನ್ನೇ ಹತ್ತು ಸಲ ಅಭ್ಯಾಸ ಮಾಡಿದರು. ಹತ್ತೂ ಸಲ ಚೂರಿ ಬಿತ್ತು, ಏಕೆಂದರೆ ಹಿಡಿದವರು ಹತ್ತೂ ಸಲ ಅದನ್ನು ಬೀಳಿಸಲು ಒಪ್ಪಿಕೊಂಡಿದ್ದರು.

ಚಹಾ ವಿರಾಮದಲ್ಲಿ ನಾವು ಶಿಕ್ಷಕರ ಬಳಿ ಹೋಗಿ ಒಂದು ಸಣ್ಣ ಪ್ರಯೋಗಕ್ಕೆ ಅನುಮತಿ ಬೇಡಿದೆವು. ರಬ್ಬರಿನ ಚೂರಿಯ ಬದಲಿಗೆ ಬಿಳಿ ಹಲಗೆಯ ಮೇಲೆ ಬರೆಯುವ ಕೆಂಪು ಮಾರ್ಕರ್ ಪೆನ್ನು. ಹಿಡಿಯುವವರು ನಲವತ್ತು ದಾಟಿದ, ಮಂಡಿನೋವಿರುವ, ಜೀವಮಾನದಲ್ಲಿ ಯಾರನ್ನೂ ಹೊಡೆಯದ ನಾವು. ಷರತ್ತು ಒಂದೇ: ತೋಳು ಚಾಚಿ ನಿಲ್ಲುವುದಿಲ್ಲ. ಎಡಗೈಯಲ್ಲಿ ಅವರ ಅಂಗಿಯ ಕೊರಳುಪಟ್ಟಿಯನ್ನು ಹಿಡಿದು, ಬಲಗೈಯನ್ನು ಹೊಲಿಗೆ ಯಂತ್ರದ ಸೂಜಿಯಂತೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇವೆ. ಹತ್ತು ಸೆಕೆಂಡು. ಅವರು ನಗುತ್ತಲೇ ಒಪ್ಪಿದರು.

ಹತ್ತು ಸೆಕೆಂಡಿನ ಬಳಿಕ ಅವರ ಬಿಳಿ ಉಡುಪಿನ ಮೇಲೆ ನಾವು ಎಣಿಸಿದ್ದು ಹದಿಮೂರು ಕೆಂಪು ಗೀಟುಗಳನ್ನು. ಹೆಚ್ಚಿನವು ಮುಂಗೈಗಳ ಮೇಲೆ; ಅಡ್ಡಹಿಡಿದ ಕೈಗೆ ಬೀಳುವ ಈ ಗಾಯಗಳನ್ನು ತುರ್ತುಚಿಕಿತ್ಸಾ ವಿಭಾಗದಲ್ಲಿ ದುಡಿದ ಯಾವ ವೈದ್ಯನೂ ಗುರುತಿಸಬಲ್ಲ. ಮೂರು ಹೊಟ್ಟೆಯ ಮೇಲೆ. ಒಂದು ಎಡತೊಡೆಯ ಸಂದಿನಲ್ಲಿ, ದಪ್ಪ ರಕ್ತನಾಳ ಚರ್ಮದ ಕೆಳಗೇ ಹರಿಯುವ ಎಡೆಯಲ್ಲಿ. ಒಂದು ಕೊರಳಪಟ್ಟಿಯ ಮೇಲಂಚಿನಲ್ಲಿ. ಕೊನೆಯ ಎರಡರಲ್ಲಿ ಯಾವುದೊಂದು ನಿಜವಾಗಿದ್ದರೂ ಆಂಬುಲೆನ್ಸ್ ಬರುವವರೆಗೆ ಅವರು ಉಳಿಯುತ್ತಿದ್ದರೆಂದು ಹೇಳಲಾರೆವು. ಚೂರಿಯ ಗಾಯದ ಕೇಡೇ ಇದು: ಹೊರಗೆ ಒಂದಂಗುಲದ ಸೀಳು, ಒಳಗೆ ಎಷ್ಟು ಆಳವೆಂದು ಹೊರಗಿನಿಂದ ತಿಳಿಯದು.

ಶಿಕ್ಷಕರು ನಗುವುದನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಹೇಳಿದ ಮಾತು ನಮಗೆ ಹಿಡಿಸಿತು. "ಇದು ನನಗೂ ಗೊತ್ತು ಸರ್. ಎರಡು ಗಂಟೆಯಲ್ಲಿ ಇನ್ನೇನು ತೋರಿಸಲಿ?" ತಪ್ಪು ಅವರದಲ್ಲ. ಎರಡು ಗಂಟೆಯಲ್ಲಿ ತೋರಿಸಲಾಗದ್ದನ್ನು ಎರಡು ಗಂಟೆಯಲ್ಲಿ ತೋರಿಸಿರೆಂದು ಕೇಳಿದವರು ನಾವು, ಸಂಘದವರು. (ತೊಳೆದರೆ ಹೋಗುತ್ತದೆಂದು ನಾವು ಭರವಸೆಯಿತ್ತ ಆ ಕೆಂಪು ಬಣ್ಣ ಹೋಗಲಿಲ್ಲವಂತೆ. ಹೊಸ ಉಡುಪಿನ ಬೆಲೆಯನ್ನು ಕೊಡಲು ಹೋದೆವು, ಅವರು ಒಪ್ಪಲಿಲ್ಲ.)

ಕಾಳಗದ ಕಲೆಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕುಸ್ತಿಯ ನಾಡಿನಿಂದ ಬಂದವರು ನಾವು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಅಭ್ಯಾಸ, ಪಟ್ಟುಗಳ ಕುರಿತು ಒಂದು ಭಾಗವನ್ನೇ ಬರೆಯಿಸಿದ. ಆದರೆ ಆ ಭಾಗದ ಹೆಸರು ಮಲ್ಲವಿನೋದ ಎಂಬುದನ್ನು ಗಮನಿಸಬೇಕು. ವಿನೋದವೆಂದರೆ ಕಟ್ಟಳೆಯುಳ್ಳ ಆಟ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೋಡುವವರ ಮೈ ಜುಮ್ಮೆನ್ನಿಸುವಂಥದ್ದು. ಮುಷ್ಟಿಗೆ ಆಯುಧ ತೊಟ್ಟ ಜೆಟ್ಟಿಗಳು ಬೋಳಿಸಿದ ತಲೆಯ ಮೇಲೆಯೇ ಹೊಡೆಯುತ್ತಾರೆ. ಅಂತಹ ಕಾಳಗವೂ ಮೊದಲ ರಕ್ತದ ಹನಿ ಕಂಡೊಡನೆ ಮುಗಿಯುತ್ತದೆ. ಬೀದಿಯಲ್ಲಿ ಮೊದಲ ಹನಿ ಕಂಡಾಗ ಏನೂ ಮುಗಿಯುವುದಿಲ್ಲ. ಎಷ್ಟೋ ಸಲ ಆಗಲೇ ಮೊದಲಾಗುತ್ತದೆ.

ಆಟದ ಕಟ್ಟಳೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಟೋಕಿಯೋ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 2021ರ ಆಗಸ್ಟ್ 7ರಂದು ಪುರುಷರ 75 ಕಿಲೋಗಿಂತ ಮೇಲಿನ ವಿಭಾಗದ ಕರಾಟೆ ಅಂತಿಮ ಪಂದ್ಯ. ಮುಂದಿದ್ದ ಸೌದಿ ಅರೇಬಿಯಾದ ತಾರೆಗ್ ಹಮೀದಿ, ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಒದ್ದರು. ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು, ಅವರನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಒದೆತ ನಿಯಮ ಮೀರಿ ಬಲವಾಗಿತ್ತೆಂದು ಹಮೀದಿ ಅನರ್ಹರಾದರು. ಚಿನ್ನ ಪ್ರಜ್ಞೆ ತಪ್ಪಿದವರಿಗೆ ಹೋಯಿತು. ಆಟದ ದೃಷ್ಟಿಯಿಂದ ಇದು ಪೂರ್ಣ ನ್ಯಾಯ. ಸಂಯಮವೇ ಆ ಕ್ರೀಡೆಯ ತಿರುಳು. ಆದರೆ ಅಂತಹ ಸಂಯಮವನ್ನು ಹತ್ತು ವರ್ಷ ಮೈಗೂಡಿಸಿಕೊಂಡ ಮಗುವಿಗೆ, ನೀನೀಗ ಯಾವ ಗೂಂಡಾನನ್ನೂ ಎದುರಿಸಬಲ್ಲೆ ಎಂದು ಹೇಳುವುದು ನ್ಯಾಯವೇ? ತಾಕುವ ಮುನ್ನ ಮುಷ್ಟಿಯನ್ನು ತಡೆಯಲು ಕಲಿತ ಕೈ, ಹೊಡೆಯಬೇಕಾದ ಘಳಿಗೆಯಲ್ಲಿಯೂ ತಡೆಯುತ್ತದೆ.

ಇನ್ನೊಂದು ಸೋಜಿಗವಿದೆ. 1882ರಲ್ಲಿ ಜೂಡೋವನ್ನು ಹುಟ್ಟುಹಾಕಿದ ಜಿಗೋರೋ ಕಾನೋ ಹಳೆಯ ಜುಜುತ್ಸುವಿನ ಅಪಾಯಕರ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಹೀಗೆ ಮಾಡಿದ್ದರಿಂದ ಕಲೆ ದುರ್ಬಲವಾಗಬೇಕಿತ್ತು. ಆದದ್ದು ತಿರುವುಮುರುವು. ಕಣ್ಣು ಕೀಳುವ, ಗಂಟಲು ಮುರಿಯುವ ವರಸೆಗಳನ್ನು ಜೊತೆಗಾರನ ಮೇಲೆ ನಿಜವಾಗಿ ಪ್ರಯೋಗಿಸುವಂತಿಲ್ಲ. ಆದ್ದರಿಂದ ಅವನ್ನು ಯಾರೂ ನಿಜವಾಗಿ ಕಲಿತಿರುವುದೇ ಇಲ್ಲ. ಎತ್ತಿ ಒಗೆಯುವ ಪಟ್ಟನ್ನಾದರೋ ಒಪ್ಪದ, ಬಗ್ಗದ, ಸಿಟ್ಟಾದ ಎದುರಾಳಿಯ ಮೇಲೆ ಸಾವಿರ ಸಲ ಮಾಡಿ ನೋಡಬಹುದು. 'ಈ ವರಸೆ ಬಹಳ ಮಾರಕ, ಇಲ್ಲಿ ಮಾಡಿ ತೋರಿಸಲಾಗದು' ಎಂದು ಯಾರಾದರೂ ಹೇಳಿದರೆ ಓದುಗರು ಸಂಶಯಪಡಬೇಕು. ಎದುರು ನಿಂತವನು ತಡೆಯುತ್ತಿರುವಾಗ ಮಾಡಿ ನೋಡದ ವರಸೆ, ನೀರಿಗಿಳಿಯದೆ ಕಲಿತ ಈಜು.

ಹಾಗೆಂದು ಜೂಡೋ, ಬಾಕ್ಸಿಂಗ್, ಕುಸ್ತಿಗಳು ಬೀದಿಗೆ ಸಾಕೇ? ಅವು ಎಷ್ಟೋ ಮೇಲು. ಆದರೂ ಅಲ್ಲಿ ಒಬ್ಬನೇ ಎದುರಾಳಿ, ಬರಿಗೈ, ಮೆತ್ತನೆಯ ನೆಲ, ನಡುವೆ ತೀರ್ಪುಗಾರ. ಇಂಗ್ಲೆಂಡಿನ ಕಾಲುದಾರಿ ಮೆತ್ತಗಿಲ್ಲ. ಒಂದೇ ಗುದ್ದಿಗೆ ಬಿದ್ದು, ಕಲ್ಲಂಚಿಗೆ ತಲೆ ಬಡಿದು, ಎದ್ದು ನಗುತ್ತ ಮನೆಗೆ ಹೋಗಿ, ಕೆಲವು ಗಂಟೆಗಳ ಬಳಿಕ ತಲೆಬುರುಡೆಯೊಳಗಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪುವವರಿದ್ದಾರೆ. ಗುದ್ದಿದವನೂ ಪಾರಾಗುವುದಿಲ್ಲ: ತಲೆಬುರುಡೆ ಗಟ್ಟಿ, ಕಿರುಬೆರಳಿನ ಬುಡದ ಮೂಳೆ ತೆಳು. ಎದುರಾಳಿಯ ಹಲ್ಲಿಗೆ ತಾಗಿ ಗೆಣ್ಣಿನ ಮೇಲಾದ ಸಣ್ಣ ಸೀಳನ್ನು ಉಪೇಕ್ಷಿಸಿ, ಮೂರು ದಿನದ ಬಳಿಕ ಊದಿದ ಕೈಯೊಡನೆ ಬಂದವರನ್ನು ನಾವು ಬಲ್ಲೆವು. ಆ ಗಾಯಕ್ಕೆ ಆ ದಿನವೇ ವೈದ್ಯರನ್ನು ಕಾಣಬೇಕು. ಬಾಯಿಯ ರೋಗಾಣುಗಳು ಕೀಲಿನೊಳಗೆ ಸೇರಿದರೆ ಬೆರಳೇ ಹೋಗಬಹುದು. ಜೂಡೋದವರು ಮೊದಲ ತಿಂಗಳು ಕಲಿಸುವ, ಎಲ್ಲರಿಗೂ ಬೇಸರ ತರಿಸುವ ಬೀಳುವ ವಿದ್ಯೆಯನ್ನು ಮಾತ್ರ ನಾವು ಮನಸಾರೆ ಹೊಗಳುತ್ತೇವೆ. ಜನವರಿಯ ಹಿಮದ ಮೇಲೆ ಜಾರುವಾಗ ಅದು ಉಳಿಸುವ ಮಣಿಕಟ್ಟುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇನ್ನು ಭಯದ ಮಾತು. ಕಾರ್ಯಾಗಾರದಲ್ಲಿ ಹೇಳದೇ ಬಿಟ್ಟ ವಿಷಯಗಳಲ್ಲಿ ಇದು ದೊಡ್ಡದು. ಹಠಾತ್ತನೆ ಭಯ ಎರಗಿದಾಗ ಅಡ್ರಿನಲಿನ್ ಉಕ್ಕಿ ಎದೆ ಹೊಡೆದುಕೊಳ್ಳುತ್ತದೆ, ನೋಟ ಕಿರಿದಾಗುತ್ತದೆ, ಬೆರಳುಗಳು ನಡುಗುತ್ತವೆ. ಆ ಬೆರಳುಗಳಿಂದ ಎದುರಾಳಿಯ ಹೆಬ್ಬೆರಳನ್ನು ಹುಡುಕಿ ತಿರುಚಬೇಕೆಂದು ನಾವು ಕಲಿಸುತ್ತಿದ್ದೇವೆ! ಇದಕ್ಕಿಂತ ಮುಖ್ಯವಾಗಿ, ಅನೇಕರ ದೇಹ ಕಾದುವುದೂ ಇಲ್ಲ, ಓಡುವುದೂ ಇಲ್ಲ, ಸ್ತಬ್ಧವಾಗುತ್ತದೆ. ಸ್ಟಾಕ್‌ಹೋಮಿನಲ್ಲಿ ಅತ್ಯಾಚಾರಕ್ಕೊಳಗಾಗಿ ಚಿಕಿತ್ಸೆಗೆ ಬಂದ 298 ಮಹಿಳೆಯರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 70 ಮಂದಿಗೆ ಘಟನೆಯ ಸಮಯದಲ್ಲಿ ಗಣನೀಯ ಪ್ರಮಾಣದ ಸ್ತಬ್ಧತೆ ಉಂಟಾಗಿತ್ತು. ಶೇಕಡಾ 48 ಮಂದಿಗೆ ಅದು ತೀವ್ರವಾಗಿತ್ತು. ಮಿದುಳಿನ ಕಾಂಡದಿಂದ ಬರುವ ಈ ಪ್ರತಿಕ್ರಿಯೆ ಹೇಡಿತನವಲ್ಲ, ಸಮ್ಮತಿಯಂತೂ ಅಲ್ಲವೇ ಅಲ್ಲ. ಈ ಮಾತನ್ನು ಹೇಳದೆ, 'ಹೀಗೆ ಹಿಡಿದರೆ ಹೀಗೆ ಬಿಡಿಸಿಕೊಳ್ಳಿ' ಎಂದು ಪ್ರಮಾಣಪತ್ರ ಕೊಟ್ಟು ಕಳಿಸಿದ ಹೆಣ್ಣುಮಗಳ ಮೈ ನಾಳೆ ಮರಗಟ್ಟಿದರೆ, ಆಕೆ ದೂರುವುದು ಯಾರನ್ನು? ತನ್ನನ್ನೇ. 'ಕಲಿತಿದ್ದೆಯಲ್ಲ, ಏಕೆ ಹೊಡೆಯಲಿಲ್ಲ?' ಎಂದು ಕೇಳಲು ನಮ್ಮ ಸಮಾಜದಲ್ಲಿ ಜನರಿಗೇನು ಕೊರತೆಯೇ?

'ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಮೇಲಲ್ಲವೇ, ಆತ್ಮವಿಶ್ವಾಸವಾದರೂ ಬರುತ್ತದಲ್ಲ' ಎಂಬುದು ಸಮಿತಿಯ ಸಮರ್ಥನೆ. ಏಳು ದಿನ ಕೊಡಬೇಕಾದ ಆಂಟಿಬಯೋಟಿಕ್ಕನ್ನು ಒಂದು ಹೊತ್ತು ನುಂಗಿಸಿ, ಏನೂ ಇಲ್ಲದ್ದಕ್ಕಿಂತ ಮೇಲು ಎಂದು ಯಾವ ವೈದ್ಯನೂ ಹೇಳುವುದಿಲ್ಲ. ಉತ್ತರಕುಮಾರನಿಗೆ ಆತ್ಮವಿಶ್ವಾಸದ ಕೊರತೆ ಇರಲಿಲ್ಲ; ಕೌರವ ಸೇನೆ ಕಣ್ಣಿಗೆ ಬೀಳುವವರೆಗೆ. ಅಷ್ಟಾದರೂ ಅವನು ಕಾಲಿಗೆ ಬುದ್ಧಿ ಹೇಳಿದ. ನಮ್ಮ ಕಾರ್ಯಾಗಾರದಲ್ಲಿ ಓಡುವುದನ್ನು ಒಂದು ಸಲವೂ ಅಭ್ಯಾಸ ಮಾಡಿಸಲಿಲ್ಲ. ಫೋನು ಕೇಳಿದವನಿಗೆ ಫೋನನ್ನು ಕೊಟ್ಟುಬಿಡಿ ಎಂಬ ಮಾತೂ ಬರಲಿಲ್ಲ.

ಇಲ್ಲಿಯವರೆಗೆ ಬೀದಿಯ ಅಪರಿಚಿತನ ಮಾತಾಯಿತು. ಲೇಖನ ಬರೆಯಲು ನಿಜವಾದ ಕಾರಣ ಅವನಲ್ಲ.

ಊಟದ ಹೊತ್ತಿಗೆ ಮಹಿಳೆಯೊಬ್ಬರು ನಮ್ಮ ಮೇಜಿನ ಬಳಿ ಬಂದು ನಿಂತರು. ಅವರ ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇವೆ. ಕೈಯಲ್ಲಿ ಪ್ರಮಾಣಪತ್ರವಿತ್ತು. "ಡಾಕ್ಟರೇ, ಒಂದು ಮಾತು ಕೇಳಲೇ? ಕುತ್ತಿಗೆ ಅದುಮಿದರೆ ಎಷ್ಟು ಹೊತ್ತಿಗೆ ಎಚ್ಚರ ತಪ್ಪುತ್ತದೆ?" ಕಾರ್ಯಾಗಾರದಲ್ಲಿ ಕುತ್ತಿಗೆ ಹಿಡಿದವನಿಂದ ಬಿಡಿಸಿಕೊಳ್ಳುವ ವರಸೆಯನ್ನು ಆಗಷ್ಟೇ ಕಲಿಸಿದ್ದರು, ಅದರ ಮುಂದುವರಿಕೆಯೆಂದು ಭಾವಿಸಿ, ಎರಡೂ ಬದಿಯ ರಕ್ತನಾಳ ಮುಚ್ಚಿದರೆ ಹತ್ತು ಸೆಕೆಂಡಿನ ಆಸುಪಾಸು ಎಂದೆವು. ಆಕೆ ತಲೆಯಾಡಿಸಿದರು. ಆಮೇಲೆ, "ಎಚ್ಚರ ಬಂದ ಮೇಲೆ ಏನೂ ತೊಂದರೆ ಇರುವುದಿಲ್ಲ ಅಲ್ಲವೇ?" ಎಂದರು. ಆಗ ನಮಗೆ ಅವರ ಒಡೆದ ದನಿ ಕೇಳಿಸಿತು. ಅಲ್ಲಿಯವರೆಗೆ ಅದು ನೆಗಡಿಯೆಂದುಕೊಂಡಿದ್ದೆವು.

ತೊಂದರೆ ಇರುತ್ತದೆ. ಕುತ್ತಿಗೆ ಅದುಮಿಸಿಕೊಂಡವರಿಗೆ ಅನೇಕ ವೇಳೆ ಹೊರಗೆ ಒಂದು ಗುರುತೂ ಇರುವುದಿಲ್ಲ. ಒಳಗೆ ರಕ್ತನಾಳದ ಪದರ ಸೀಳಿರಬಹುದು, ದಿನಗಳು ಕಳೆದ ಮೇಲೆ ಪಾರ್ಶ್ವವಾಯು ಬಡಿಯಬಹುದು. ದನಿ ಒಡೆಯುವುದು, ನುಂಗಲು ನೋವು, ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕಿ, ಆ ಹೊತ್ತಿನ ನೆನಪಿಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಕುತ್ತಿಗೆ ಹಿಡಿದವನು ಮುಂದೊಂದು ದಿನ ಕೊಲ್ಲುವ ಸಂಭವ ಬಹಳ ಹೆಚ್ಚೆಂಬುದು ಈ ಕ್ಷೇತ್ರದವರೆಲ್ಲರೂ ಬಲ್ಲ ವಿಚಾರ. ಆದ್ದರಿಂದಲೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಜೂನ್ 7ರಿಂದ ಅದು, ಸಾವು ಸಂಭವಿಸದಿದ್ದರೂ, ತನ್ನಷ್ಟಕ್ಕೆ ಒಂದು ಪ್ರತ್ಯೇಕ ಅಪರಾಧ.

ಜಗತ್ತಿನ ಮಹಿಳೆಯರಲ್ಲಿ ಸುಮಾರು ಮೂವರಲ್ಲೊಬ್ಬರು ಜೀವಮಾನದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜು ಹೇಳುತ್ತದೆ. ಅದರಲ್ಲಿ ಬಹುಪಾಲು ಸಂಗಾತಿಯಿಂದ. ಹೀಗಿರುವಾಗ ಎರಡು ಗಂಟೆಯ ಕಾಲ ನಾವು ಕಲ್ಪಿಸಿಕೊಂಡ ಶತ್ರು ಯಾರು? ಕತ್ತಲ ಉದ್ಯಾನದಲ್ಲಿ ಹೊಂಚುಹಾಕಿದ, ಮುಖ ಮುಚ್ಚಿಕೊಂಡ ಅನ್ಯ. ಆತನಿಗೆ ನಮ್ಮ ಭಾಷೆ ಬರುವುದಿಲ್ಲ, ನಮ್ಮ ಯುಗಾದಿಗೆ ಬರುವುದಿಲ್ಲ, ನಮ್ಮ ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವುದಿಲ್ಲ. ಬಹಳ ಅನುಕೂಲದ ಶತ್ರು. ಗಂಡ, ಗಂಡನ ಅಣ್ಣ, ಮನೆಗೆ ಬಂದುಹೋಗುವ ಮಾಮ, ವಿಶ್ವವಿದ್ಯಾಲಯದ ಗೆಳೆಯ, ಇವರ ಮಾತೆತ್ತಿದರೆ ಮಾತ್ರ 'ಸಂಘದ ವೇದಿಕೆಯಲ್ಲಿ ಮನೆಯ ವಿಷಯ ಬೇಡ' ಎಂಬ ನುಡಿ ಬರುತ್ತದೆ. ಈ ಮಾತನ್ನು ನಾವು ನಮ್ಮ ಕಿವಿಯಾರೆ ಕೇಳಿದ್ದೇವೆ. ಮಣಿಕಟ್ಟು ತಿರುಚುವ ವರಸೆ ಅಲ್ಲಿ ಯಾವ ಕೆಲಸಕ್ಕೆ ಬಂದೀತು? ಬಿಡಿಸಿಕೊಂಡ ಮೇಲೆ ಆಕೆ ಓಡಬೇಕಾದದ್ದೆಲ್ಲಿಗೆ? ಪಾಸ್‌ಪೋರ್ಟು ಆತನ ಬೀರುವಿನಲ್ಲಿ, ಬ್ಯಾಂಕಿನ ಕಾರ್ಡು ಆತನ ಜೇಬಿನಲ್ಲಿ, ವೀಸಾ ಆತನ ಹೆಸರಿನ ಆಧಾರದ ಮೇಲೆ.

ಆತ್ಮರಕ್ಷಣೆ ಎಂಬ ಪದಕ್ಕೆ ಅರ್ಥವಿರಬೇಕಾದರೆ ಆಕೆಗೆ ತಿಳಿದಿರಬೇಕಾದದ್ದು ಇದು. ಮೊಬೈಲಿನಿಂದ 999ಕ್ಕೆ ಕರೆಮಾಡಿ ಮಾತನಾಡಲಾಗದಿದ್ದರೆ, ಸೂಚನೆ ಬಂದಾಗ 55 ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಗೃಹಹಿಂಸೆಯ ರಾಷ್ಟ್ರೀಯ ಸಹಾಯವಾಣಿ 0808 2000 247, ದಿನದ ಇಪ್ಪತ್ತನಾಲ್ಕು ಗಂಟೆಯೂ, ಉಚಿತ. ಬ್ರಿಟಿಷ್ ಪ್ರಜೆಯ ಅಥವಾ ಇಲ್ಲಿ ಕಾಯಂ ನೆಲೆಸಿದವರ ಸಂಗಾತಿಯಾಗಿ ವೀಸಾ ಪಡೆದು ಬಂದವರ ದಾಂಪತ್ಯ ಹಿಂಸೆಯ ಕಾರಣದಿಂದ ಮುರಿದರೆ, ಅವರು ಸ್ವಂತವಾಗಿ ಕಾಯಂ ನೆಲೆಯ ಅನುಮತಿಗೆ ಅರ್ಜಿ ಸಲ್ಲಿಸಲು ಕಾನೂನಿನಲ್ಲಿ ದಾರಿಯಿದೆ. 'ನನ್ನನ್ನು ಬಿಟ್ಟರೆ ನಿನ್ನನ್ನು ಮರುದಿನವೇ ವಿಮಾನ ಹತ್ತಿಸುತ್ತಾರೆ' ಎಂಬ ಬೆದರಿಕೆಗೆ ಉತ್ತರ ಅದರಲ್ಲಿದೆ. ಈ ಮೂರು ಸಂಗತಿ ಹೇಳಲು ಐದು ನಿಮಿಷ ಸಾಕಿತ್ತು.

ಕಾನೂನಿನ ಬಗ್ಗೆ ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಬೆಂಗಳೂರಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪೆಪ್ಪರ್ ಸ್ಪ್ರೇಯನ್ನು ಮಗಳಿಗೆಂದು ಸೂಟ್‌ಕೇಸಿನಲ್ಲಿ ತರುವ ತಂದೆತಾಯಿಗಳಿದ್ದಾರೆ. ಈ ದೇಶದಲ್ಲಿ ಅದು 1968ರ ಬಂದೂಕು ಕಾಯ್ದೆಯಡಿ ನಿಷೇಧಿತ ಆಯುಧ. ಇಟ್ಟುಕೊಂಡ ಮಗಳೇ ಅಪರಾಧಿ. ದಾಳಿ ನಡೆಯುತ್ತಿದೆಯೆಂದೋ ನಡೆಯಲಿದೆಯೆಂದೋ ಪ್ರಾಮಾಣಿಕವಾಗಿ ನಂಬಿದವರು ಸಂದರ್ಭಕ್ಕೆ ತಕ್ಕಷ್ಟು ಬಲ ಪ್ರಯೋಗಿಸಬಹುದು, ಮೊದಲ ಪೆಟ್ಟನ್ನೂ ಕೊಡಬಹುದು. ಆದರೆ ಬಿದ್ದವನನ್ನು ಮತ್ತೆ ಒದೆಯುವುದು ರಕ್ಷಣೆಯಲ್ಲ. ನಮ್ಮ ಕಾರ್ಯಾಗಾರದ ಕೊನೆಯ ವರಸೆ ಅದೇ ಆಗಿತ್ತು.

ಹಾಗಾದರೆ ಕಲಿಸುವುದೇ ವ್ಯರ್ಥವೇ ಎಂದು ಕೇಳಬಹುದು. ಅಲ್ಲ, ಪುರಾವೆ ಇದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ನಡೆದ ಪ್ರಯೋಗವೊಂದು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಮೂರು ಮೂರು ಗಂಟೆಯ ನಾಲ್ಕು ತರಗತಿಗಳು. ಕೈಕಾಲಿನ ವರಸೆ ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಪರಿಚಿತರಿಂದ ಬರುವ ಅಪಾಯವನ್ನು ಮೊದಲೇ ಗುರುತಿಸುವುದು, 'ಇವನು ಒಳ್ಳೆಯವನು, ಬೇಸರಪಟ್ಟಾನು' ಎಂಬ ಸಂಕೋಚವನ್ನು ಮೀರುವುದು, ಗಟ್ಟಿದನಿಯಲ್ಲಿ ಬೇಡವೆನ್ನುವುದು. ಒಂದು ವರ್ಷದ ಬಳಿಕ, ಕರಪತ್ರವನ್ನಷ್ಟೇ ಪಡೆದವರಲ್ಲಿ ಅತ್ಯಾಚಾರಕ್ಕೊಳಗಾಗುವ ಅಪಾಯ ಶೇಕಡಾ 9.8ರಷ್ಟಿದ್ದರೆ, ತರಗತಿಗಳಿಗೆ ಬಂದವರಲ್ಲಿ 5.2ಕ್ಕೆ ಇಳಿದಿತ್ತು. ಹಿಂಸೆ ಮಾಡುವವನ ಹೊಣೆ ಇದರಿಂದ ಒಂದಿಷ್ಟೂ ಕಡಿಮೆಯಾಗದು. ಆದರೆ ನಮ್ಮ ಹೆಣ್ಣುಮಕ್ಕಳು ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಹೊರಡುವ ಮುನ್ನ ಹನ್ನೆರಡು ಗಂಟೆ ಕೊಡಲಾಗದಷ್ಟು ನಾವು ಬಡವರೇ? ದೀಪಾವಳಿಯ ಕಾರ್ಯಕ್ರಮದ ನೃತ್ಯಾಭ್ಯಾಸಕ್ಕೆ ಇದಕ್ಕಿಂತ ಹೆಚ್ಚು ಭಾನುವಾರಗಳನ್ನು ಕೊಡುತ್ತಿದ್ದೇವೆ.

ಮುಂದಿನ ಕಾರ್ಯಾಗಾರದ ಪ್ರಕಟಣೆ ಸಿದ್ಧವಾಗುತ್ತಿದೆಯೆಂದು ಕೇಳಿದ್ದೇವೆ. ಅದರ ಶೀರ್ಷಿಕೆ 'ಕರಾಟೆ ಪರಿಚಯ' ಎಂದಿದ್ದರೆ ನಾವು ಸಂತೋಷದಿಂದ ಪೆಟ್ಟಿಗೆ ಹಿಡಿದು ಬರುತ್ತೇವೆ. ಮೈಬೆವರಿಗೆ, ಶಿಸ್ತಿಗೆ, ಗೆಳೆತನಕ್ಕೆ ಅದು ಒಳ್ಳೆಯ ವಿದ್ಯೆ. 'ಆತ್ಮರಕ್ಷಣೆ' ಎಂದಿದ್ದರೆ ನಮ್ಮ ಹೆಸರನ್ನು ಸ್ವಯಂಸೇವಕರ ಪಟ್ಟಿಯಿಂದ ತೆಗೆಯಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇವೆ. ಇದರ ಜೊತೆಗೆ ಇನ್ನೊಂದು ಕೋರಿಕೆಯನ್ನೂ ಇಟ್ಟಿದ್ದೇವೆ: ಸಂಘದ ಪ್ರತಿ ಕಾರ್ಯಕ್ರಮದಲ್ಲಿಯೂ ಹೆಂಗಸರ ಶೌಚಾಲಯದ ಬಾಗಿಲುಗಳ ಒಳಬದಿಗೆ ಸಹಾಯವಾಣಿಯ ಸಂಖ್ಯೆಯನ್ನು ಕನ್ನಡದಲ್ಲಿ ಅಂಟಿಸಬೇಕು. ಚೀಟಿಯನ್ನು ಮುದ್ರಿಸಿ ಕೊಟ್ಟಿದ್ದೇವೆ, ಅಂಟಿನ ಸಮೇತ. ಆ ಮಹಿಳೆ ಅಂದು ಸಂಜೆ ಆಸ್ಪತ್ರೆಗೆ ಹೋದರು. ಜೊತೆಗೆ ಹೋದವರು ಸಂಘದ ಇಬ್ಬರು ಸದಸ್ಯೆಯರು. ಅವರಿಬ್ಬರೂ ಕರಾಟೆ ಕಲಿತವರಲ್ಲ. ಒಬ್ಬರ ಬಳಿ ಕಾರು ಇತ್ತು, ಇನ್ನೊಬ್ಬರ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು.